ಒಣಗಿಡಗಳ ಹಾಜರಿ

ಗಿಡಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ಬೀರುಗಳಲ್ಲಿ ಕಾಪಾಡುವ ಜಾಗಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಜಗತ್ತಿನಲ್ಲಿ ಅಂಥವು ಎಲ್ಲೆಲ್ಲಿವೆ, ಒಂದೊಂದರಲ್ಲಿ ಎಷ್ಟು ಹಾಳೆಗಳಿವೆ, ನೋಡಿಕೊಳ್ಳುವವರು ಯಾರು ಎಂದು ವರ್ಷವರ್ಷವೂ ವಿಚಾರಿಸಿ ಪಟ್ಟಿ ತಿದ್ದುವುದು ಆಕೆಯ ಕೆಲಸ. ಕಚೇರಿಯವರು ‘ಹಾಜರಿ ಅಕ್ಕ’ ಎಂದು ಕರೆಯುತ್ತಿದ್ದರು. ಆಕೆ ಒಂದು ಗಿಡವನ್ನೂ ಸ್ವತಃ ಒತ್ತಿದವಳಲ್ಲ. ಮನೆಯ ಕುಂಡದಲ್ಲಿ ನೆಟ್ಟದ್ದೂ ಬಾಡಿಹೋಗುತ್ತಿತ್ತು. ಒಣಗಿಸುವುದರಲ್ಲಿ ಅಕ್ಕನ ಕೈಗುಣವೇ ಕೈಗುಣ ಎಂದು ತಮ್ಮ ನಗುತ್ತಿದ್ದ, ಫೋನಿನಲ್ಲಿ ಮಾತಾಡುವಷ್ಟು ಬಿಡುವು ಅವನಿಗಿದ್ದಾಗ. ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆಕೆ ಒಬ್ಬಳೇ. ಭಾನುವಾರವಿಡೀ ಬಾಯಿ ಬಿಟ್ಟಿಲ್ಲವೆಂಬುದು ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಕಟ್ಟಿದರೆ ಗೊತ್ತಾಗುತ್ತಿತ್ತು.

ದೂರದ ಸಣ್ಣ ಕಾಲೇಜೊಂದರ ಹರ್ಬೇರಿಯಂ ಅನ್ನು ನಿವೃತ್ತ ಮೇಷ್ಟರೊಬ್ಬರು ನೋಡಿಕೊಳ್ಳುತ್ತಿದ್ದರು. ಉಳಿದ ಕಡೆಯವರು ಆಕೆ ಕೇಳಿದಷ್ಟನ್ನು ತುಂಬಿ ಕಳಿಸಿದರೆ, ಮೇಷ್ಟರು ಕೊನೆಯಲ್ಲಿ ತಮ್ಮ ಮಂಡಿನೋವಿನದೋ ಕಿಟಕಿಯಾಚೆ ಹೂಬಿಟ್ಟ ಬಳ್ಳಿಯದೋ ಸುದ್ದಿ ಸೇರಿಸುತ್ತಿದ್ದರು. ಅದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ವಿವರ ತಲುಪಿದೆ ಎಂದಷ್ಟೇ ಆಕೆ ಉತ್ತರಿಸುತ್ತಿದ್ದಳು.

ಒಂದು ವರ್ಷ ಅವರಿಂದ ಏನೂ ಬರಲಿಲ್ಲ. ಮರುವರ್ಷವೂ ಇಲ್ಲ. ‘ಮುಚ್ಚಿದೆ’ ಎಂದು ಬರೆದುಬಿಡಿ ಎಂದರು ಮೇಲಧಿಕಾರಿ. ನಿಯಮವೂ ಅದೇ. ಆದರೆ ಹಾಗೆ ಬರೆಯಲು ಆಕೆಗೆ ಕೈ ಬರಲಿಲ್ಲ. ಕಾಲೇಜಿನಿಂದ ಮೇಷ್ಟರ ಮನೆಯ ನಂಬರು ಪಡೆದು ಫೋನು ಮಾಡಿದಳು. ಎತ್ತಿದವರು ಅವರ ಹೆಂಡತಿ. ಮೇಷ್ಟರು ಹೋಗಿ ವರ್ಷದ ಮೇಲಾಗಿತ್ತು. ಅವರ ಕೋಣೆ ಬೇರೆ ವಿಭಾಗದ ಪಾಲಾಗಿ, ಬೀರುಗಳು ಮೆಟ್ಟಿಲ ಕೆಳಗೆ ಬಂದು ನಿಂತಿದ್ದವು. ಯಾರೂ ಒಯ್ಯದಿದ್ದರೆ ಗುಜರಿಗೆ.

ಆ ಹಾಳೆಗಳನ್ನು ಇಟ್ಟುಕೊಳ್ಳಲು ತನ್ನ ಸಂಸ್ಥೆಯ ಹರ್ಬೇರಿಯಂನವರನ್ನು ಕಾಡಿಬೇಡಿ ಒಪ್ಪಿಸಿ, ರಜೆ ಹಾಕಿ, ಆಕೆ ರೈಲು ಹತ್ತಿದಳು. ಬೀರು ತೆರೆದರೆ ಹುಳು ತಿಂದ ಹಾಳೆಗಳಿಂದ ಪುಡಿ ಉದುರಿತು. ಆಕೆಯೂ ಮೇಷ್ಟರ ಹೆಂಡತಿಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತು, ಉಳಿದದ್ದನ್ನು ಆರಿಸಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದರು.

“ವರ್ಷಕ್ಕೊಂದ್ಸಲ ಆದ್ರೂ ನನ್ನ ವಿಚಾರಿಸೋರು ಒಬ್ಬರಿದಾರೆ ಅಂತಿದ್ರು, ನಿಮ್ಮ ಬಗ್ಗೇನೇ,” ಎಂದರು ಆ ತಾಯಿ, ದಾರ ಕಟ್ಟುತ್ತ.

ಆಕೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನಾನು ವಿಚಾರಿಸ್ತಿದ್ದಿದ್ದು ಗಿಡಗಳನ್ನಮ್ಮ. ಅವರನ್ನಲ್ಲ.”

“ಅವರಿಗೆ ಎರಡೂ ಒಂದೇ ಆಗಿತ್ತು, ಬಿಡಿ.”

ಇನ್ನೊಂದು ದಿನ ಇದ್ದು ಹೋಗಿ ಎಂದು ಅವರು ಬಲವಂತ ಮಾಡಿದರು. ಇರಬಹುದಿತ್ತು. ಯಾಕೋ ಸಂಕೋಚವಾಗಿ, ಕಚೇರಿಯಲ್ಲಿ ಕೆಲಸವಿದೆ ಎಂದಳು. ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳನ್ನು ಸಾಮಾನು ಬೋಗಿಗೆ ಹಾಕಿಸಿ, ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನಿಸಿ ತಮ್ಮನಿಗೆ ಫೋನು ಮಾಡಿದಳು. ಆಮೇಲೆ ಮಾಡ್ತೀನಿ ಅಕ್ಕ ಎಂದವನು ಮರೆತ.

ಪಟ್ಟಿಯಲ್ಲಿ ಆ ಕಾಲೇಜಿನ ಎದುರು ‘ಸಂಗ್ರಹ ವರ್ಗಾವಣೆಯಾಗಿದೆ’ ಎಂದು ಸೇರಿತು. ಮೇಷ್ಟರ ಹೆಸರು ತೆಗೆಯಬೇಕಾಯಿತು. ಆ ವರ್ಷ ಎಲ್ಲರಿಗೂ ಕಳಿಸಿದ ವಿಚಾರಣೆಯ ಪತ್ರದ ಕೊನೆಯಲ್ಲಿ, ಯಾರನ್ನೂ ಕೇಳದೆ, ‘ನೀವು ಹೇಗಿದ್ದೀರಿ?’ ಎಂದು ಸೇರಿಸಿದಳು. ಹೆಚ್ಚಿನವರು ಅದನ್ನು ಖಾಲಿ ಬಿಟ್ಟರು. ಯಾವುದೋ ದ್ವೀಪದ ಹರ್ಬೇರಿಯಂನ ಒಬ್ಬಾಕೆ ಮಾತ್ರ, ಇದನ್ನು ತುಂಬುವುದು ಕಡ್ಡಾಯವೇ ಎಂದು ಕೇಳಿದಳು. ಇಲ್ಲ, ಸುಮ್ಮನೆ ಕೇಳಿದೆ ಎಂದು ಬರೆದು, ಹಾಜರಿ ಅಕ್ಕ ಉತ್ತರಕ್ಕಾಗಿ ಬಹಳ ದಿನ ಕಾದಳು.