ನಳಿನಿಯ ರಾಕ್ಷಸ ಒಂದೇ ಏಟಿಗೆ ಸತ್ತ

ಭಾನುವಾರದ ಬೆಳಗಿನ ಜಾವ. ಅಹಮದಾಬಾದಿನ ನವರಂಗಪುರದಲ್ಲಿ ಆಟೋಗಳ ಗದ್ದಲ ಇನ್ನೂ ಶುರುವಾಗಿಲ್ಲ. ಬೋರ್ಡ್‌ಗೇಮ್ ಕೆಫೆಯೊಂದರ ಷಟರ್ ಎತ್ತಿ, ಮೇಜು ಒರೆಸಿ, ನಳಿನಿ ರಟ್ಟಿನ ಕೋಟೆಯೊಂದನ್ನು ನಿಲ್ಲಿಸುತ್ತಾರೆ. ಬಿಸಿಲೇರುವ ಮೊದಲು ಆಟಗಾರರು ಬರಬೇಕು.

ಆಟ ನಡೆಸಿಕೊಡುವುದು ಅವರ ಕೆಲಸ. ಅವರು ಕಥೆ ಹೇಳುತ್ತಾರೆ, ಅದರಲ್ಲಿನ ಶತ್ರುಗಳನ್ನೂ ಆಡಿಸುತ್ತಾರೆ. ಸುತ್ತ ಕೂತವರು ಯೋಧ, ವೈದ್ಯೆ, ಕಳ್ಳ ಹೀಗೆ ಒಂದೊಂದು ಪಾತ್ರವಾಗಿ ಅದರೊಳಗೆ ಹೋಗುತ್ತಾರೆ. ಏಟು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೆದ್ದವರನ್ನು ಎಲ್ಲರೂ ನೆನೆಯುತ್ತಾರೆ, ನಡೆಸಿದವರನ್ನಲ್ಲ.

ತಂದೆಗೆ ರೈಲ್ವೆ ವರ್ಗಾವಣೆಯಾಗಿ ಹುಬ್ಬಳ್ಳಿಯಿಂದ ವಡೋದರಕ್ಕೆ ಬಂದಾಗ ನಳಿನಿಗೆ ಗುಜರಾತಿ ಬರುತ್ತಿರಲಿಲ್ಲ. ಹರಕು ಹಿಂದಿಯಲ್ಲಿ ಕಥೆ ಹೇಳಿಯೇ ಗೆಳತಿಯರನ್ನು ಗಳಿಸಿದರು. ಆ ಕಸುಬೇ ಈಗ ಅಹಮದಾಬಾದಿನಲ್ಲೂ ಕೈಹಿಡಿದಿದೆ. ಭಾನುವಾರದ ಮೇಜಿಗೆ ಬರುವವರು ಕನ್ನಡದ ಮನೆಗಳವರು.

ಕಳೆದ ಮಳೆಗಾಲದಲ್ಲಿ ಊರಂಚಿನ ಬೋಪಾಲ್ ಬಡಾವಣೆಯಿಂದ ಹೃಷಿಕೇಶ ಬಂದರು. ವಿಮಾ ಕಚೇರಿಯ ನೌಕರ. ನಿಯಮಗಳನ್ನೆಲ್ಲ ಅರೆದು ಕುಡಿದು, ಪಾತ್ರಕ್ಕೆ ಸಿಗುವ ಒಂದು ಅಂಕವೂ ಪೋಲಾಗದಂತೆ ತಮ್ಮ ಯೋಧನನ್ನು ಕಟ್ಟಿದ್ದರು. ಮೊದಲ ಏಟಿಗೇ ನಳಿನಿಯ ರಾಕ್ಷಸ ಉರುಳಿದ.

“ವಾರಗಟ್ಟಲೆ ಕೂತು ಅವಗ ಒಂದು ದನಿ, ಒಂದು ದುಃಖ ಕೊಟ್ಟಿದ್ದೆ ರೀ. ಬಾಯಿ ತೆಗಿಯೂದರಾಗ ಸತ್ತ. ಚಪ್ಪಾಳಿ ಎಲ್ಲಾ ಹೃಷಿಕೇಶಗ. ನನ್ನ ಹೊಟ್ಟಿ ಧಗಧಗ ಉರೀತು,” ಎಂದು ನಳಿನಿ ನನಗೆ ಹೇಳುತ್ತಾರೆ.

ಮುಂದಿನ ವಾರ, ಆ ಯೋಧನನ್ನು ಮುರಿಯಲೆಂದೇ ಇನ್ನೂ ಭಯಂಕರ ರಾಕ್ಷಸನೊಬ್ಬನನ್ನು ತಂದರು. ಯೋಧ ತಡೆದುಕೊಂಡ. ಸತ್ತಿದ್ದು ಕಾಲೇಜು ಹುಡುಗಿ ಪೂರ್ವಿಯ ವೈದ್ಯೆ. ಹೃಷಿಕೇಶನ ಆಟ ಶುರುವಾದ ಮೇಲೆ ಗಾಯಗೊಳ್ಳುವವರೇ ಇಲ್ಲದೆ ಆ ಪಾತ್ರಕ್ಕೆ ಕೆಲಸವಿರಲಿಲ್ಲ.

“ನಳಿನಿ ಆಂಟಿ, ನಾನ್ ಏನ್ ಮಾಡಿದೆ?” ಎಂದ ಪೂರ್ವಿ ದಾಳ ಇಟ್ಟು ಎದ್ದುಹೋದಳು. ಮುಂದಿನ ಭಾನುವಾರ ಬರಲಿಲ್ಲ.

ನಳಿನಿ ಹೃಷಿಕೇಶನಿಗೆ ನೇರವಾಗಿ ಹೇಳಿದರು: “ನಿನ್ನ ಮ್ಯಾಲಿನ ಸಂಕಟ ಆ ಹುಡುಗಿ ಮ್ಯಾಲೆ ತೀರಿಸಿಕೊಂಡೆ.”

ಹೃಷಿಕೇಶ ತಲೆತಗ್ಗಿಸಿದರು. “ಅಕ್ಕಾ, ಆಫೀಸಲ್ಲಿ ನನ್ನ ಲೆಕ್ಕ ಯಾರಿಗೂ ಬೇಡ. ಇಲ್ಲಿ ಅಂಕ ಎಲ್ಲಾ ಸರಿಯಾಗಿ ಕೂತ್ಕೊಂಡಾಗ ಆಗೋ ಖುಷೀನೇ ಬೇರೆ. ಆದ್ರೆ ನೀವು ಕಥೆ ಹೇಳುವಾಗ ಎಲ್ರೂ ಬಾಯಿ ಬಿಟ್ಕೊಂಡು ನಿಮ್ಮನ್ನೇ ನೋಡ್ತಾರಲ್ಲ, ನಂಗೂ ಹೊಟ್ಟೆ ಉರಿಯುತ್ತೆ.”

ಇಬ್ಬರೂ ಪೂರ್ವಿಯ ಮನೆಗೆ ಹೋಗಿ ಕ್ಷಮೆ ಕೇಳಿದರು. ವೈದ್ಯೆ ಮತ್ತೆ ಹುಟ್ಟಿದಳು: ಕಥೆ ನಳಿನಿಯದು, ಅಂಕಗಳ ಜೋಡಣೆ ಹೃಷಿಕೇಶನದು. ಅವಳು ಮುಟ್ಟಿದವರ ಬಲ ಏರುತ್ತದೆ.

ಇವತ್ತು ಕೋಟೆಯ ಬಾಗಿಲಲ್ಲಿ ಯೋಧ ಬಿದ್ದ. ಎಬ್ಬಿಸಿದ್ದು ಪೂರ್ವಿ. ಮೇಜು ಕುಣಿಯುವಂತೆ ಚಪ್ಪಾಳೆ. ಹೃಷಿಕೇಶನ ಮುಖ ಸಣ್ಣಗಾಗಿದೆ. ನಳಿನಿ ಅದನ್ನು ನೋಡಿ ನಗುತ್ತಾರೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೇನೆ.

“ಎಲ್ಲಿ ಹೋಗತದರೀ!” ದಾಳಗಳನ್ನು ಚೀಲಕ್ಕೆ ತುಂಬುತ್ತ ಅವರು ಹೇಳುತ್ತಾರೆ. “ನನಗ ಒಂದ ಆಸೆ. ಒಮ್ಮೆ ನಾನೂ ಆ ಕಡೆ ಕೂತು ಆಡಬೇಕು. ಪಾತ್ರ ಹೃಷಿಕೇಶನೇ ಕಟ್ಟಿಕೊಡಲಿ. ಆದ್ರ ಅವನದಕ್ಕಿಂತ ಗಟ್ಟಿ ಇರಬೇಕು, ಮತ್ತ!”