ಗಿಣಿಯ ತುಟಿ ಓದಬಲ್ಲ ಇಬ್ಬರು

ಗಿಣಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಮೂವತ್ತೆಂಟು ವರ್ಷವಾಯಿತು. ಮಿಲ್ಲಿನ ಉಳಿದ ಮುನ್ನೂರು ಜನಕ್ಕೂ ಬಂತು, ಅವಳೊಬ್ಬಳಿಗೆ ಬರಲಿಲ್ಲ. ಮಿಲ್ಲಿಗೆ ಬೆಂಕಿ ಹಚ್ಚಿದವಳಿಗೆ ಕೂಲಿ ಬೇರೆ ಕೇಡು ಎಂದರು ಕಚೇರಿಯವರು. ಸತ್ತವಳು ಎದ್ದು ಬಂದು ಉತ್ತರ ಕೊಡುವಂತಿರಲಿಲ್ಲ. ಕೊಡಬೇಕಾಗಿದ್ದವಳು ಅವಳ ಅಕ್ಕ. ಆ ಅಕ್ಕ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದಳು.

ಆ ಅಕ್ಕನನ್ನು ಲೈನಿನಲ್ಲಿ, ಎಂದರೆ ಮಿಲ್ಲಿನವರ ಸಾಲುಮನೆಗಳಲ್ಲಿ, ಎಲ್ಲರೂ ದಾರದಕ್ಕ ಎನ್ನುತ್ತಾರೆ. ಹರಿದ ದಾರಕ್ಕೆ ಒಂದೇ ಕೈಯಲ್ಲಿ, ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದಳು ಎಂದು ಬಂದ ಹೆಸರು. ಈಗ ಅರವತ್ತಾರು ದಾಟಿದೆ. ಮಿಲ್ಲು ಹೋಗಿ ಆ ಜಾಗದಲ್ಲಿ ಗಾಜಿನ ಮನೆಗಳೆದ್ದಿವೆ. ಸುಟ್ಟರೂ ಬೀಳದೆ ಉಳಿದ ಅರ್ಧ ಕಟ್ಟಡವನ್ನು ಮಾತ್ರ ಬಣ್ಣ ಬಳಿದು ಇಟ್ಟುಕೊಂಡು, ಅದಕ್ಕೆ ನೆನಪಿನ ಹಾಲ್ ಎಂದು ಹೆಸರಿಟ್ಟಿದ್ದಾರೆ. ಅದರ ನೆಲ ಒರೆಸುವುದು ದಾರದಕ್ಕನ ಕೆಲಸ. ಹದಿನಾಲ್ಕು ವರ್ಷ ನಿಂತು ದುಡಿದ ನೆಲವನ್ನೇ ಈಗ ಬಗ್ಗಿ ಒರೆಸುತ್ತಾಳೆ. ಎಷ್ಟು ಪಾಲಿಷ್ ಹೊಡೆದರೂ ಯಂತ್ರ ಕೂರಿಸಿದ್ದ ಬೋಲ್ಟುಗಳ ಗುರುತು ಹೋಗಿಲ್ಲ. ಮೂರನೇ ಸಾಲಿನ ನಾಲ್ಕು ಕರಿ ಚುಕ್ಕೆ ತನ್ನವು, ಎದುರಿನ ನಾಲ್ಕು ಗಿಣಿಯವು ಎಂದು ಅವಳಿಗೆ ಗೊತ್ತು. ಬಕೆಟ್ಟನ್ನು ಯಾವಾಗಲೂ ತನ್ನ ನಾಲ್ಕು ಚುಕ್ಕೆಗಳ ನಡುವೆಯೇ ಇಡುತ್ತಾಳೆ. ಅದೊಂದು ಅಭ್ಯಾಸ.

ಆ ಕಾಲಕ್ಕೆ ಇದು ನೂಲು ಸುತ್ತುವ ಖಾತೆ. ಇನ್ನೂರು ಯಂತ್ರಗಳು ಒಟ್ಟಿಗೆ ಕಿರುಚುತ್ತಿದ್ದವು. ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸದು. ಅದಕ್ಕೇ ಹೆಂಗಸರು ಸದ್ದು ಬಿಟ್ಟು ಮಾತಾಡುವುದನ್ನು ಕಲಿತಿದ್ದರು. ತುಟಿಯನ್ನು ರಬ್ಬರಿನ ಹಾಗೆ ಎಳೆದು ಆಡಿಸುವುದು, ಸಾಲದಿದ್ದರೆ ಒಂದು ಸನ್ನೆ ಸೇರಿಸುವುದು. ಹೊಟ್ಟೆ ಮುಟ್ಟಿದರೆ ಬಸಿರು. ಕಿವಿ ಹಿಂಡಿಕೊಂಡರೆ ಮೇಸ್ತ್ರಿ ಬಂದ. ಮೂಗು ಹಿಡಿದರೆ ಹೊಗೆ, ಅಂದರೆ ಎಲ್ಲೋ ಏನೋ ಸುಡುತ್ತಿದೆ. ಮೇಸ್ತ್ರಿಗೆ ಈ ಮಾತು ಬರುತ್ತಿರಲಿಲ್ಲ. ಅವನ ಮೂತಿಯ ಮುಂದೆಯೇ ಅವನ ಮನೆತನವನ್ನೆಲ್ಲ ಜಾಲಾಡುತ್ತಿದ್ದರು, ಅವನು ಹಲ್ಲು ಕಿರಿದುಕೊಂಡು ನಿಂತಿರುತ್ತಿದ್ದ. ಹೆಚ್ಚು ಜಾಲಾಡುತ್ತಿದ್ದವಳು ಗಿಣಿ. ಆ ಸದ್ದಿನಲ್ಲೂ ಅವಳ ಬಾಯಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಗಿಣಿ.

ಕೆಲಸ ಬಿಟ್ಟು ಮನೆಗೆ ಬಂದರೂ ಅಭ್ಯಾಸ ಬಿಡುತ್ತಿರಲಿಲ್ಲ. ಸಂಜೆ ಲೈನಿನ ಎರಡೂ ಬದಿ ಹೆಂಗಸರು ಬಾಗಿಲಲ್ಲಿ ನಿಂತು ಬೀದಿಯ ಆಚೆ ಈಚೆ ಮಾತಾಡುತ್ತಿದ್ದರು. ನಲವತ್ತು ಬಾಯಿ ಆಡುತ್ತಿವೆ, ಒಂದಿಷ್ಟು ಸದ್ದಿಲ್ಲ. ಹೊರಗಿನವರು ಹಾದುಹೋದರೆ ಎದೆ ಧಸಕ್ಕೆನ್ನುತ್ತಿತ್ತು. ಮೂಕರ ಲೈನು ಎಂದು ಹೆಸರಿಟ್ಟರು. ಅಲ್ಲಿನ ಹೆಂಗಸರು ಮಾಟ ಮಾಡುತ್ತಾರಂತೆ ಎಂದು ಊರೆಲ್ಲ ಹಬ್ಬಿತು. ಬೆಂಕಿ ಬಿದ್ದ ಮೇಲೆ ಅದು ಬೆಂಕಿ ಲೈನಾಯಿತು. ಅಲ್ಲಿನ ಹುಡುಗಿಯರಿಗೆ ಗಂಡು ಸಿಗಲಿಲ್ಲ, ಗಂಡಸರಿಗೆ ಬೇರೆ ಮಿಲ್ಲು ಸಿಗಲಿಲ್ಲ. ಆಟೋದವರು ತಿರುವಿನಲ್ಲೇ ಇಳಿಸಿ ಹೋಗುತ್ತಿದ್ದರು.

"ಎಲ್ಲಿ, ಬೆಂಕಿ ಲೈನಾ? ಬೆಂಕಿಪೆಟ್ಟಿಗೆ ಇಲ್ಲೇ ಕೊಟ್ಟು ಹೋಗಮ್ಮ" ಎನ್ನುತ್ತಿದ್ದರು ಬಸ್ಸಿನಲ್ಲಿ.

ಈಗ ನೋಡಿ, ಅದೇ ಹೆಸರು ದೀಪದ ಅಕ್ಷರಗಳಲ್ಲಿ ಉರಿಯುತ್ತದೆ. 'ಬೆಂಕಿ ಲೈನ್' ಎಂಬ ಕಾಫಿ ಅಂಗಡಿ. ಒಂದು ಲೋಟ ಕಾಫಿಗೆ ಗಿಣಿಯ ಒಂದು ತಿಂಗಳ ದುಡಿಮೆ. ಹಿಂದೆ ಹೆದರಿ ಓಡುತ್ತಿದ್ದವರ ಮಕ್ಕಳು ಈಗ ದುಡ್ಡು ಕೊಟ್ಟು ಬಾಡಿಗೆಗೆ ಬರುತ್ತಾರೆ. ಶನಿವಾರ ನೆನಪಿನ ಹಾಲ್ ನೋಡಿಕೊಳ್ಳುವ ಮೇಡಂ ಜನರನ್ನು ಗುಂಪು ಕಟ್ಟಿಕೊಂಡು ಲೈನೆಲ್ಲ ಸುತ್ತಿಸಿ, ಕೊನೆಗೆ ಹಾಲಿನ ಮೂಲೆಯೊಂದರಲ್ಲಿ ನಿಲ್ಲಿಸುತ್ತಾರೆ. ಕದ್ದು ಸ್ಟೌವ್ ತಂದು ಹತ್ತಿಯ ಪಕ್ಕದಲ್ಲಿ ಚಹಾ ಕಾಸಿದ ಹೆಂಗಸು, ಮಿಲ್ಲನ್ನೂ ಇನ್ನಿಬ್ಬರನ್ನೂ ತನ್ನೊಂದಿಗೆ ಸುಟ್ಟಳು, ಇವತ್ತಿಗೂ ಇಲ್ಲಿ ಸ್ಟೌವ್ ಪಂಪು ಹೊಡೆಯುವ ಸದ್ದು ಕೇಳುತ್ತದಂತೆ ಎನ್ನುತ್ತಾರೆ. ಜನ ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ. ದಾರದಕ್ಕ ಅವರ ಬೂಟಿನ ಗುರುತು ಒರೆಸುತ್ತಾಳೆ.

ಅವಳು ಒಂದು ದಿನವೂ ಎದುರು ಮಾತಾಡಲಿಲ್ಲ. ಯಾವ ಬಾಯಲ್ಲಿ ಆಡಿಯಾಳು? ಗಿಣಿ ಎರಡು ಮೂರು ಸಲ ಸ್ಟೌವ್ ತಂದಿದ್ದು ನಿಜ. ಬೆಂಕಿ ಬಿದ್ದ ಮೇಲೆ ಎಲ್ಲರ ಹನ್ನೊಂದು ದಿನದ ಕೂಲಿ ತಡೆದ ಕಚೇರಿಯವರು, ಬೆಂಕಿ ಹೇಗೆ ಬಿತ್ತೆಂದು ಯಾರಾದರೂ ಬರೆದು ಕೊಡಲಿ, ಆಮೇಲೆ ಕೂಲಿ ಎಂದರು. ಮುನ್ನೂರು ಮನೆ ಹಸಿದಿತ್ತು. ಜನ ಬಂದು ದಾರದಕ್ಕನ ಬಾಗಿಲಲ್ಲಿ ಕೂತರು. ಯಾರೂ ಬೈಯಲಿಲ್ಲ. ಸುಮ್ಮನೆ ಕೂತರು. ಮೂರನೇ ದಿನ ಅವಳು ಎದ್ದು ಹೋದಳು. ಕಾಗದವನ್ನು ಓದಿ ಹೇಳಿದರು. 'ನನ್ನ ತಂಗಿ ಸ್ಟೌವ್ ಹಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ.' ಕಂಡಿರಲಿಲ್ಲ. ಹಚ್ಚಿರಬಹುದು ಎಂದುಕೊಂಡಳು, ಹೆಬ್ಬೆಟ್ಟು ಒತ್ತಿದಳು. ಆ ಕಾಗದ ಈಗ ಹಾಲಿನಲ್ಲಿ ಗಾಜಿನ ಚೌಕಟ್ಟಿನೊಳಗಿದೆ. ಗಾಜು ಒರೆಸುವುದೂ ಅವಳದೇ ಕೆಲಸ.

ಹೀಗೇ ನಡೆದು ಹೋಗುತ್ತಿತ್ತೋ ಏನೋ. ಹೋದ ವರ್ಷ ಹಾಲಿಗೆ ಒಂದು ಪರದೆ ಬಂತು.

ಬೆಂಕಿ ಬಿದ್ದ ದಿನ ಮಧ್ಯಾಹ್ನ ಮಿಲ್ಲಿನವರು ತಮ್ಮ ಜಾಹೀರಾತಿಗೆಂದು ಸಿನಿಮಾದವರನ್ನು ಕರೆಸಿದ್ದರು. ದೊಡ್ಡ ದೊಡ್ಡ ದೀಪ ತಂದು ನಿಲ್ಲಿಸಿದ್ದರು. ಒಳಗಿನದು ಮುಗಿಸಿ, ದೀಪಗಳನ್ನು ಉರಿಯಲು ಬಿಟ್ಟು, ಗೇಟಿನ ಚಿತ್ರ ತೆಗೆಯಲು ಹೊರಗೆ ಹೋಗಿದ್ದರು. ಕ್ಯಾಮೆರಾ ಉಳಿದುಕೊಂಡದ್ದು ಹಾಗೆ. ಆ ರೀಲು ಯಾವುದೋ ಸ್ಟುಡಿಯೋ ಮುಚ್ಚುವಾಗ ಸಿಕ್ಕಿತಂತೆ. ಸದ್ದಿಲ್ಲದ ಚಿತ್ರ, ಬರೀ ನಲವತ್ತು ಸೆಕೆಂಡಿನದು. ಪರದೆಗೆ ಒಂದು ಕಣ್ಣಿದೆ, ಮುಂದೆ ಯಾರಾದರೂ ಬಂದರೆ ತಾನಾಗಿ ಹತ್ತಿಕೊಳ್ಳುತ್ತದೆ.

ಬೆಳಿಗ್ಗೆ ಹಾಲು ತೆರೆಯುವ ಮೊದಲು ದಾರದಕ್ಕ ಬಕೆಟ್ಟನ್ನು ತನ್ನ ಚುಕ್ಕೆಗಳ ನಡುವೆ ಇಟ್ಟು ತಲೆ ಎತ್ತಿದಳು. ಪರದೆ ಹತ್ತಿಕೊಂಡಿತು. ಪರದೆಯನ್ನು ನಿಲ್ಲಿಸಿದ್ದು ಸರಿಯಾಗಿ ಗಿಣಿಯ ನಾಲ್ಕು ಚುಕ್ಕೆಗಳ ಮೇಲೆ. ಅಲ್ಲಿ ಗಿಣಿ ನಿಂತಿದ್ದಳು. ಇಪ್ಪತ್ತಮೂರು ವರ್ಷ, ತಲೆಗೆ ಬಟ್ಟೆ, ಬೆರಳಲ್ಲಿ ದಾರ. ನೇರ ಅಕ್ಕನನ್ನು ನೋಡಿದಳು. ಮೂಗು ಹಿಡಿದಳು. ಬಾಯಿ ಆಡಿಸಿದಳು.

ಇಷ್ಟು ವರ್ಷ ಯಾರೂ ದಾರದಕ್ಕನೊಂದಿಗೆ ಹಾಗೆ ಮಾತಾಡಿರಲಿಲ್ಲ. ಆದರೂ ಕಣ್ಣು ಓದಿಬಿಟ್ಟಿತು.

'ಅಕ್ಕಾ, ದೀಪದ ಬುಡದಾಗೆ ಹತ್ತಿ ಸುಡ್ತಿದೆ. ಮೇಸ್ತ್ರಿಗೆ ಎರಡ್ಸಲ ಹೇಳ್ದೆ, ಸುಮ್ನಿರು ಅಂದ. ನಿನ್ ಮಾತಾದ್ರೆ ಕೇಳ್ತಾನೆ, ನೀನ್ ಹೇಳು. ಅಕ್ಕಾ. ಇಲ್ನೋಡೇ.'

ಚಿತ್ರ ಮುಗಿಯಿತು. ದಾರದಕ್ಕ ಅಲುಗಾಡಿದಳು. ಮತ್ತೆ ಹತ್ತಿಕೊಂಡಿತು. ಮತ್ತೆ ಮೂಗು ಹಿಡಿದಳು. ಅಕ್ಕಾ. ಇಲ್ನೋಡೇ.

ಆ ದಿನ ದಾರದಕ್ಕ ನಿಂತಿದ್ದು ಕ್ಯಾಮೆರಾದ ಬೆನ್ನಿಗೆ. ಯಾರೂ ತಲೆ ಎತ್ತಬಾರದು, ಎತ್ತಿದರೆ ಅರ್ಧ ದಿನದ ಕೂಲಿ ಖೋತಾ ಎಂದು ಮೇಸ್ತ್ರಿ ಹೇಳಿದ್ದ. ಎದುರಿಗೆ ತಂಗಿ ಕೈ ಆಡಿಸುವುದು ಕಣ್ಣಂಚಿಗೆ ಬಿದ್ದಿತ್ತು. ಕ್ಯಾಮೆರಾ ಕಂಡು ಕುಣೀತಿದಾಳೆ, ಕೋತಿ, ಎಂದುಕೊಂಡು ತಲೆ ತಗ್ಗಿಸಿಯೇ ಇದ್ದಳು.

ಪರದೆಯ ಕೆಳಗೆ ಚಿಕ್ಕ ಹಲಗೆಯಿದೆ. 'ಕ್ಯಾಮೆರಾ ಕಂಡು ನಾಚಿ ಮುಖ ಮುಚ್ಚಿಕೊಳ್ಳುತ್ತಿರುವ ಕಾರ್ಮಿಕ ಮಹಿಳೆ.'

ಒಂದು ವಾರ ಅವಳು ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟಿದೆ ಎಂದುಕೊಂಡಳು. ಗೋಡೆಗೆ ಬೆನ್ನು ಕೊಟ್ಟು ಸರಿದು ಹೋದರೂ ಪರದೆಯ ಕಣ್ಣು ಬಿಡುತ್ತಿರಲಿಲ್ಲ. ನೆಲ ಒರೆಸಿದಷ್ಟು ಸಲ ತಂಗಿ ಕರೆದಳು. ದಿನಕ್ಕೆ ನೂರು ಸಲ, ಅದೇ ಮಾತು, ಅದೇ ಆತುರ. ಕೊನೆಗೆ ಎಣ್ಣೆ ಮಾವನ ಮನೆಗೆ ಹೋದಳು. ಆ ಮಾತು ಬಲ್ಲ ಹೆಂಗಸರೆಲ್ಲ ಸತ್ತಿದ್ದರು, ಇಲ್ಲ ಊರು ಬಿಟ್ಟಿದ್ದರು. ಯಂತ್ರಗಳಿಗೆ ಎಣ್ಣೆ ಬಿಡುತ್ತ ಹೆಂಗಸರ ನಡುವೆಯೇ ಓಡಾಡಿದ ಆ ಮುದುಕ ಒಬ್ಬನಿಗೆ ಅವಳನ್ನು ಬಿಟ್ಟರೆ ಇನ್ನೂ ಈ ಮಾತು ಬರುತ್ತಿತ್ತು. ಎಂಬತ್ತರ ಹತ್ತಿರ. ಕಿವಿ ಎರಡೂ ಹೋಗಿವೆ, ಒಂದು ಕಣ್ಣು ಚೆನ್ನಾಗಿದೆ.

"ಮಾವ, ನಾಳೆ ಹಾಲಿಗೆ ಬಾ. ಏನೋ ತೋರಿಸ್ತೀನಿ."

"ಆ ದೆವ್ವದ ಮನೆಗಾ? ಸತ್ತ ಮೇಲೆ ಹೆಂಗೂ ಅಲ್ಲೇ ಇರೋದು. ಈಗ್ಲೇ ಯಾಕಮ್ಮ ಅವಸರ?"

"ಬಾ ಅಂದೆ."

ಬಂದ. ಅವಳು ಏನೂ ಹೇಳಲಿಲ್ಲ, ಹಲಗೆಯನ್ನೂ ಓದಿಸಲಿಲ್ಲ. ಚುಕ್ಕೆಗಳ ನಡುವೆ ನಿಲ್ಲಿಸಿದಳು, ಅಷ್ಟೇ. ಪರದೆ ಹತ್ತಿಕೊಂಡಿತು. ಮುದುಕನ ಬಾಯಿ ತನ್ನಷ್ಟಕ್ಕೆ ಗಿಣಿಯ ಬಾಯಿಯ ಜೊತೆ ಆಡತೊಡಗಿತು. ಚಿತ್ರ ಮುಗಿದ ಮೇಲೆ ಅವನು ತಿರುಗಿ, ಸದ್ದಿಲ್ಲದೆ, ಬರೀ ತುಟಿಯಲ್ಲಿ ಹೇಳಿದ.

'ದೀಪದ ಬುಡದಾಗೆ ಹತ್ತಿ ಸುಡ್ತಿದೆ.'

'ಮೇಸ್ತ್ರಿ ಏನಂದನಂತೆ?' ಅವಳೂ ತುಟಿಯಲ್ಲೇ ಕೇಳಿದಳು.

'ಸುಮ್ನಿರು ಅಂದನಂತೆ ಸೂಳೇಮಗ. ನಿನ್ನ ಕರೀತಿದಾಳಲ್ಲಮ್ಮ. ನೀನು ನೋಡಲಿಲ್ವಾ?'

ಅವಳು ತಲೆ ಅಲ್ಲಾಡಿಸಿದಳು. ಇಬ್ಬರೂ ಹಾಗೆ ಬಾಯಿ ಆಡಿಸುತ್ತ ನಿಂತಿದ್ದಾಗ ನೋಡಲು ಬಂದ ದಂಪತಿ ಇದೂ ಹಾಲಿನವರದೇ ಏರ್ಪಾಡು ಎಂದುಕೊಂಡು ಫೋಟೋ ತೆಗೆದರು, ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಮೇಡಂ ಬಂದರು. ಕೆಟ್ಟವರಲ್ಲ, ಓದಿಕೊಂಡವರು. ದಾರದಕ್ಕ ಗಿಣಿ ಆಡಿದ್ದನ್ನೆಲ್ಲ ಹೇಳಿದಳು, ತಾನು ಅವಳ ಅಕ್ಕ ಎನ್ನುವುದೊಂದನ್ನು ಬಿಟ್ಟು. ಮುದುಕ ಕೋಲಿನಿಂದ ಪರದೆಯ ಎಡಗಡೆ ತೋರಿಸಿದ. ದೀಪದ ಬಿಳಿ ಅಂಚಿನ ಪಕ್ಕ ಒಂದು ಬೂದು ಎಳೆ ಏಳುತ್ತಿತ್ತು.

"ಅದು ರೀಲಿನ ಗೀರು ತಾತ. ಹಳೇದಲ್ವಾ" ಎಂದರು ಮೇಡಂ, ಅವನಿಗೆ ಕಾಣುವಂತೆ ಬಾಯಿ ಅಗಲಿಸಿ.

"ಗೀರು ಎಲ್ಲಾದ್ರೂ ಮೇಲಕ್ಕೆ ಹೋಗ್ತಾ ಬಾಗುತ್ತೇನಮ್ಮ?"

ಮೇಡಂ ಮತ್ತೆ ಮತ್ತೆ ನೋಡಿದರು. ಆ ಎಳೆಯ ಮೇಲೆ ಬೆರಳಿಟ್ಟು ಅದು ಬಾಗುವುದನ್ನು ಕಂಡರು. ಆದರೂ ಗಾಜಿನ ಚೌಕಟ್ಟಿನ ಕಡೆ ಕೈ ತೋರಿಸಿದರು. "ಆದ್ರೆ ನೋಡಿ ಅಕ್ಕ, ಅವಳ ಸ್ವಂತ ಅಕ್ಕನೇ ಬರೆದುಕೊಟ್ಟಿದಾರಲ್ಲ. ಕಣ್ಣಾರೆ ಕಂಡೆ ಅಂತ. ಒಡಹುಟ್ಟಿದವಳು ಯಾಕೆ ಸುಳ್ಳು ಹೇಳ್ತಾಳೆ?"

ದಾರದಕ್ಕ ಬಕೆಟ್ಟಿನ ನೀರಿನಲ್ಲಿ ಹೆಬ್ಬೆರಳು ಅದ್ದಿದಳು. ತಾನೇ ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ, ಒಳಗಿನ ಗುರುತಿನ ಪಕ್ಕದಲ್ಲಿ ಒತ್ತಿದಳು. ಸವೆದ ಹಳೇ ಬೆರಳು, ಆದರೂ ನಡುವೆ ದಾರ ಕೊಯ್ದ ಗಾಯದ ಗೆರೆ ಎರಡರಲ್ಲೂ ಒಂದೇ.

"ಕೂಲಿಗೆ ಹೇಳ್ತಾಳೆ ಮೇಡಂ" ಎಂದಳು.

ಆ ಶನಿವಾರದಿಂದ ಸ್ಟೌವ್ ದೆವ್ವದ ಕತೆ ನಿಂತಿತು. ಮೇಡಂ ಮೇಲಿನವರಿಗೆ ಬರೆದರು. ಉತ್ತರವೂ ಬಂತು. ಇಬ್ಬರು ವಯಸ್ಸಾದವರು ತುಟಿ ನೋಡಿ ಹೇಳಿದ್ದರ ಮೇಲೆ ದಾಖಲೆ ಬದಲಿಸಲಾಗದು, ಅವರಲ್ಲಿ ಒಬ್ಬರು ಈ ಮೊದಲೇ ಸುಳ್ಳು ಹೇಳಿದವರು, ಸಂಬಂಧವಿಲ್ಲದ ಬೇರೆ ಯಾರಾದರೂ ಓದಿದರೆ ನೋಡೋಣ. ಚಳಿಗಾಲಕ್ಕೆ ಎಣ್ಣೆ ಮಾವ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನ ಬಾಯಿ ಸುಮ್ಮನೆ ಆಡುತ್ತಲೇ ಇತ್ತು. ಮನೆಯವರು ನೀರು ಕೇಳುತ್ತಿದ್ದಾನೆ ಎಂದು ಚಮಚದಲ್ಲಿ ಬಿಟ್ಟರು. ದಾರದಕ್ಕ ಪಕ್ಕದಲ್ಲಿ ಕೂತು ನೋಡಿದಳು. ಅವನು ಕೇಳುತ್ತಿದ್ದದ್ದು ನೀರಲ್ಲ, 'ದೀಪದ ಬುಡದಾಗೆ' ಎನ್ನುತ್ತಿದ್ದ.

ಈಗ ಆ ಮಾತು ಓದಬಲ್ಲವಳು ಇವಳೊಬ್ಬಳು. ಬಂದವರನ್ನೆಲ್ಲ ತೋಳು ಹಿಡಿದು ಚುಕ್ಕೆಗಳ ನಡುವೆ ನಿಲ್ಲಿಸುತ್ತಾಳೆ. ತನ್ನ ಬಾಯಿ ತೋರಿಸಿ ಕಲಿಸುತ್ತಾಳೆ. 'ದೀಪ' ಎನ್ನುವಾಗ ತುಟಿ ಮೊದಲು ಚಪ್ಪಟೆ, ಆಮೇಲೆ ಮುಚ್ಚುತ್ತದೆ. 'ನೋಡೇ' ಎನ್ನುವಾಗ ಮೊದಲು ದುಂಡಗೆ, ಆಮೇಲೆ ಅಗಲ. ಕೆಲವರು ನಗುತ್ತಾರೆ, ಕೆಲವರು ಹೆದರಿ ಕೈ ಕೊಡವಿಕೊಂಡು ಹೋಗುತ್ತಾರೆ. ಅವರು ಹೋದ ಮೇಲೂ ಪರದೆಯ ಮೇಲೆ ಗಿಣಿ ಕರೆಯುತ್ತಲೇ ಇರುತ್ತಾಳೆ.

ನೀವು ಆ ಕಡೆ ಕಾಫಿ ಕುಡಿಯಲು ಹೋಗುವವರೇ. ಹೋದಾಗ ಲೋಟ ಕೆಳಗಿಟ್ಟು ಒಳಗೆ ಹೋಗಿ. ಹಲಗೆಯನ್ನು ಓದಬೇಡಿ, ಬಾಯಿಯನ್ನು ಓದಿ. ಓದಲು ಬರುವ ತನಕ ಅಲ್ಲಿಂದ ಅಲುಗಾಡಬೇಡಿ. ಬಂದ ಮೇಲೆ ಓದಿದ್ದನ್ನು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಕೊಟ್ಟು ಬನ್ನಿ.