ಐದು ನಕ್ಷತ್ರದ ಸಾರಂಗಿ ಮತ್ತು ಅಕ್ಕನ ವೀಳ್ಯಶಾಸ್ತ್ರ

ಶಾಸ್ತ್ರೀಯ ಸಂಗೀತದ ಯಾವ ಕ್ಯಾಸೆಟ್ಟನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು ಎಂದು ತಿಳಿಸುವ ಪುಸ್ತಕಗಳ ಬಗ್ಗೆ ನನಗಿರುವ ತಕರಾರು ವೈಯಕ್ತಿಕವಾದದ್ದು. ಅಂಥದೊಂದು ಪುಸ್ತಕದ ದೆಸೆಯಿಂದ ನನ್ನ ಅಕ್ಕನ ಮದುವೆ ನಾಲೆಯ ಸೇತುವೆಯ ಮೇಲೆಯೇ ಮುರಿದುಬೀಳುವುದರಲ್ಲಿತ್ತು.

ಅದು ತೊಂಬತ್ತರ ದಶಕದ ನಡುಭಾಗ. ಮಿರ್ಲೆಗೆ ಹತ್ತಿರದ ನಮ್ಮ ಬೇಸಾಯದ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ ಆಗಿದ್ದುದರಿಂದ, ಗೊತ್ತಿಲ್ಲದ ವಿಷಯವನ್ನೂ ಗೊತ್ತಿರುವಂತೆ ನಿಭಾಯಿಸುವ ಹೊಣೆ ನನ್ನದಾಗಿತ್ತು. ಅಕ್ಕನನ್ನು ನೋಡಲು ಪಿರಿಯಾಪಟ್ಟಣದಿಂದ ಬಂದವರು ವಿದ್ಯಾವಂತರು. ಹುಡುಗನ ತಂದೆ ಹೈಸ್ಕೂಲು ಮೇಷ್ಟರು. ಉಪ್ಪಿಟ್ಟು ತಿನ್ನುತ್ತ ಅವರು, "ಸಂಗೀತ ಕೇಳ್ತೀರಾ?" ಎಂದರು.

"ಶಾಸ್ತ್ರೀಯ ಮಾತ್ರ" ಎಂದೆ.

ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ಅಲ್ಲಿಯವರೆಗೆ ಸಿನಿಮಾ ಹಾಡನ್ನು ಬಿಟ್ಟು ಬೇರೇನೂ ಸುತ್ತಿರಲಿಲ್ಲ. ಮೇಷ್ಟರು ಗಂಭೀರವಾಗಿ ತಲೆದೂಗಿದರು. ಹುಡುಗ ಅಕ್ಕನಿಗೆ ಒಪ್ಪಿಗೆಯಾಗಿದ್ದ. ಅವರು ಹೊರಟ ಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದು, "ನಿನ್ ಬಾಯಿಂದ ಏನಾರ ಈ ಸಂಬಂಧ ತಪ್ಪೋಯ್ತೋ, ನಿನ್ ಡಿಗ್ರಿ ಸರ್ಟಿಫಿಕೇಟ್ನ ಒಲೆಗಾಕ್ತೀನಿ ಕಣ್ಲಾ" ಎಂದಳು.

ಆ ಭಯದಲ್ಲಿಯೇ ನಾನು ಮೈಸೂರಿನ ಹಳೆ ಪುಸ್ತಕದಂಗಡಿಯಿಂದ ಇಂಗ್ಲಿಷಿನ ದಪ್ಪ ಕೈಪಿಡಿಯೊಂದನ್ನು ತಂದೆ. ಅದರಲ್ಲಿ ಪ್ರತಿಯೊಂದು ಕ್ಯಾಸೆಟ್ಟಿಗೂ ಒಂದರಿಂದ ಐದರವರೆಗೆ ನಕ್ಷತ್ರಗಳಿದ್ದವು. ಪರೀಕ್ಷೆಗೆ ಓದುವವನಂತೆ ಅಡಿಗೆರೆ ಎಳೆದು ಓದಿದೆ. ಬರೆದವರ ವಿದ್ವತ್ತನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅವರು ಬರೆಯುವುದು ಕ್ಯಾಸೆಟ್ಟನ್ನು ಈಗಾಗಲೇ ಕೊಂಡವನಿಗೆ. ಇದೇ ಕಲಾವಿದರ ಹಿಂದಿನ ಧ್ವನಿಮುದ್ರಣ ನಿಮ್ಮಲ್ಲಿದ್ದರೆ ಇದು ಬೇಕಿಲ್ಲ ಎನ್ನುತ್ತಾರೆ; ಹಿಂದಿನದೂ ಇಲ್ಲದವನು ಏನು ಮಾಡಬೇಕೆಂದು ತಿಳಿಸುವುದಿಲ್ಲ. ಒಂದು ಗಾಯನ ಗಂಭೀರ, ಇನ್ನೊಂದು ಘನಗಂಭೀರ. ಎರಡನೆಯದಕ್ಕೆ ಅರ್ಧ ನಕ್ಷತ್ರ ಹೆಚ್ಚು. ಆ ಅರ್ಧ ನಕ್ಷತ್ರ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬ ವಿವರ ಇಡೀ ಪುಸ್ತಕದಲ್ಲಿ ಇರಲಿಲ್ಲ. ಮೇಲಾಗಿ, ಅವರು ಮನಸಾರೆ ಹೊಗಳಿದ್ದೆಲ್ಲವೂ ಎಲ್ಲಿಯೂ ಸಿಗದ ಕ್ಯಾಸೆಟ್ಟುಗಳು. ಹುಣಸೂರಿನ ಅಂಗಡಿಯೊಂದರಲ್ಲಿ ನಾನು ಒಂದರ ಹೆಸರನ್ನು ಸ್ಪಷ್ಟವಾಗಿ ಓದಿ ಹೇಳಿದಾಗ ಅಂಗಡಿಯಾತ, "ರಿಲೀಸಾಗೈತಾ ಸಾರ್ ಆ ಪಿಚ್ಚರು?" ಎಂದು ಕೇಳಿದ.

ಕೊನೆಗೆ ಮೈಸೂರಿನಲ್ಲಿ ಒಂದು ದೊರೆಯಿತು. ಸಾರಂಗಿ ವಾದನ, ಐದು ನಕ್ಷತ್ರ. ಬೆಳಗಿನ ರಾಗ, ಸುಸಂಸ್ಕೃತ ಕುಟುಂಬದ ಯಾವ ಮುಂಜಾನೆಗೂ ಶೋಭೆ ತರುವಂಥದು ಎಂದು ಬರೆದಿತ್ತು. ವೀಳ್ಯಶಾಸ್ತ್ರ, ಅಂದರೆ ನಿಶ್ಚಿತಾರ್ಥ, ನಿಗದಿಯಾಗಿದ್ದುದೂ ಬೆಳಿಗ್ಗೆಯೇ. ಇದಕ್ಕಿಂತ ಸರಿಯಾದ ಹೊಂದಿಕೆ ಇರಲಾರದೆಂದುಕೊಂಡೆ; ಒಮ್ಮೆ ಹಾಕಿ ಕೇಳಿಯೂ ನೋಡಲಿಲ್ಲ.

ಆ ದಿನ ತೆಂಗಿನ ಮರಕ್ಕೆ ಹಾರನ್ ಕಟ್ಟಿದ ಮೈಕ್‌ಸೆಟ್ಟಿನವನು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, "ಡ್ಯಾನ್ಸ್ ಸಾಂಗ್ ಐತಾ ಇದ್ರಲ್ಲಿ?" ಎಂದ.

"ಆಲಾಪವಿದೆ."

"ಅವ್ನ್ ಯಾರು, ಹೊಸ ಹೀರೋನಾ?"

ನಾನೇ ಗುಂಡಿ ಒತ್ತಿದೆ. ಸಾರಂಗಿ ಶುರುವಾಯಿತು. ತಬಲಾ ಇಲ್ಲ, ತಾಳವಿಲ್ಲ. ಕೈಪಿಡಿ ಬರೆದವರು ಅದನ್ನು ಬಹುಶಃ ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿಂಬಿಗೊರಗಿ ಕೇಳಿದ್ದರು. ತಗಡಿನ ಹಾರನ್ನಿನಿಂದ ಹೊರಟು ಗದ್ದೆಬಯಲಿನ ಮೇಲೆ ಹರಿದಾಗ ಅದು ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿರುವಂತೆ ಇತ್ತು.

ನಮ್ಮೂರಿಗೆ ಸಾರಂಗಿ ಅಪರಿಚಿತವಲ್ಲ. ದೇಶದ ದೊಡ್ಡ ನಾಯಕರು ತೀರಿಕೊಂಡಾಗ ರೇಡಿಯೊ ಹಾಡು, ನಾಟಕಗಳನ್ನೆಲ್ಲ ನಿಲ್ಲಿಸಿ ದಿನವಿಡೀ ಅಂಥ ವಾದ್ಯವನ್ನೇ ಕೇಳಿಸುತ್ತಿತ್ತು. ಆ ನಾದ ಕಿವಿಗೆ ಬಿದ್ದೊಡನೆ ಅಂಗಡಿ ಮುಚ್ಚಬೇಕು, ವಾಹನ ನಿಲ್ಲಿಸಬೇಕು, ಇಲ್ಲವಾದರೆ ಕಲ್ಲು ಬೀಳುತ್ತದೆ ಎಂಬುದನ್ನು ಊರು ಚೆನ್ನಾಗಿ ಕಲಿತಿತ್ತು. ನನ್ನ ಕೈಪಿಡಿ ಮಾತ್ರ ಕಲಿತಿರಲಿಲ್ಲ.

ಟೀ ಅಂಗಡಿಯ ಬಾಗಿಲು ಮುಚ್ಚಿತು. ಹಿಟ್ಟಿನ ಗಿರಣಿ ನಿಂತಿತು. ಎದುರುಮನೆಯ ದೊಡ್ಡಪ್ಪ ತಲೆಯ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು.

"ಯಾರ್ಲಾ ತೀರ್ಕಂಡೋರು? ಡೆಲ್ಲಿಯೋರೋ, ಬೆಂಗ್ಳೂರೋರೋ?"

"ಯಾರೂ ಇಲ್ಲ ದೊಡ್ಡಪ್ಪ. ಇದು ಬೆಳಗಿನ ರಾಗ."

"ಏನಾದ್ರೂ ಅನ್ನು, ಸುದ್ದಿ ಮುಚ್ಚಿಡಬ್ಯಾಡ. ಮನೇಲಿ ಶುಭಕಾರ್ಯ ಐತೆ ಅಂತ ಮುಚ್ಚಿಡ್ತಾ ಇದ್ದೀಯ."

ಅಷ್ಟರಲ್ಲಿ ಗದ್ದೆ ಕಡೆಯಿಂದ ಬಂದ ಪಕ್ಕದ ಮನೆಯವರು ಕೂಗಿದರು: "ನಿಮ್ ಬೀಗ್ರ ವ್ಯಾನು ನಾಲೆ ಸೇತುವೆ ತಾವ ವಾಪಸ್ ತಿರುಗುಸ್ತಾವ್ರೆ ಕಣ್ರಪ್ಪೋ!"

ಅಪ್ಪ ನನ್ನತ್ತ ತಿರುಗಿ, "ನಿಂತ್ಕಂಡು ಏನ್ಲಾ ನೋಡ್ತೀಯ? ಓಡ್ಲಾ!" ಎಂದರು.

ಸೈಕಲ್ಲೇರಿದೆ. ಸಾಕ್ಷಿಗಿರಲೆಂದು ಕೈಪಿಡಿಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡೆ. ಸೇತುವೆಯ ಬಳಿ ಮೆಟಡೋರ್ ರಸ್ತೆಗೆ ಅಡ್ಡಲಾಗಿ ಅರ್ಧ ತಿರುಗಿತ್ತು. ಹೆಂಗಸರು ಹೂವು, ತೆಂಗಿನಕಾಯಿಯ ತಟ್ಟೆಗಳನ್ನು ಸೆರಗಿನಡಿ ಮುಚ್ಚಿಕೊಂಡಿದ್ದರು. ಡ್ರೈವರ್, "ಗ್ಲಾಸ್ ಒಡುದ್ರೆ ಓನರ್‌ಗೆ ಯಾರ್ ಸಾ ಏಳೋದು?" ಎಂದು ಗೊಣಗುತ್ತಿದ್ದ. ಹುಡುಗ ಗರಿಗರಿ ಅಂಗಿಯಲ್ಲಿ ನಾಲೆಯ ನೀರನ್ನು ನೋಡುತ್ತ ನಿಂತಿದ್ದ.

ಹುಡುಗನ ತಾಯಿ ಖಡಾಖಂಡಿತವಾಗಿ ಹೇಳಿದರು: "ಮೊದಲನೇ ಶಾಸ್ತ್ರಕ್ಕೇ ಸಾವಿನ ಸುದ್ದಿ. ಶಕುನ ಸರಿಯಿಲ್ಲ. ಮುಂದಿನ ವರ್ಷ ನೋಡೋಣ ಬಿಡಿ."

ಮುಂದಿನ ವರ್ಷ ಎಂದರೆ ಏನೆಂದು ನನಗೆ ಗೊತ್ತಿತ್ತು. ನನ್ನ ಸರ್ಟಿಫಿಕೇಟ್ ಒಲೆಯಲ್ಲಿ ಉರಿಯುವುದೂ ಕಣ್ಣಮುಂದೆ ಬಂತು.

"ದಯವಿಟ್ಟು ಕೇಳಿ. ಯಾರೂ ತೀರಿಕೊಂಡಿಲ್ಲ. ಅದು ನಮ್ಮ ಮನೆಯ ಮೈಕು. ನಿಮಗಾಗಿಯೇ ತಂದ ಕ್ಯಾಸೆಟ್ಟು. ಐದು ನಕ್ಷತ್ರದ್ದು" ಎಂದು ಪುಟ ತೆರೆದು ಮೇಷ್ಟರ ಕೈಗಿತ್ತೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಶುಭಕಾರ್ಯಕ್ಕೆ ಹಾಕಬಹುದು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲವಲ್ಲ?"

"ಹಾಕಬಾರದು ಅಂತಲೂ ಬರೆದಿಲ್ಲ ಸಾರ್."

"ಪುಸ್ತಕದಲ್ಲಿ ಏನಾದ್ರೂ ಇರ್ಲಿ" ಎಂದರು ಹುಡುಗನ ತಾಯಿ, "ಮೊದಲು ಆ ಅಳು ನಿಲ್ಸಿ."

ಅಲ್ಲಿಂದ ನಾನು ಹೇಗೆ ನಿಲ್ಲಿಸಲಿ? ಆದರೆ ಆ ಹೊತ್ತಿಗೆ ಸರಿಯಾಗಿ ಸಾರಂಗಿ ಗೊರಕ್ಕೆಂದು ಸತ್ತಿತು. ಅದರ ಬೆನ್ನಿಗೇ ಡೋಲಿನ ಬಡಿತದೊಂದಿಗೆ ಸಿನಿಮಾ ಹಾಡೊಂದು ಬಯಲಿನ ಮೇಲೆ ಸಿಡಿಯಿತು. ಬೀಗರು ಬರುವ ಮೊದಲು ವೀಳ್ಯದ ಹೆಣ್ಣು ಹೊಸಿಲು ದಾಟಬಾರದೆಂಬ ಕಟ್ಟಳೆಯನ್ನು ಮುರಿದು, ಅಕ್ಕ ರೇಷ್ಮೆ ಸೀರೆಯಲ್ಲಿಯೇ ಅಂಗಳಕ್ಕೆ ಬಂದು ಕ್ಯಾಸೆಟ್ಟನ್ನು ಕಿತ್ತು, ಮೈಕ್‌ಸೆಟ್ಟಿನವನ ಕ್ಯಾಸೆಟ್ಟು ಹಾಕಿಸಿದಳೆಂದು ಆಮೇಲೆ ತಿಳಿಯಿತು.

ಮೇಷ್ಟರ ಮುಖ ಅಂದು ಮೊದಲ ಬಾರಿಗೆ ಅರಳಿತು. "ಹಾಂ, ಇದು ನಮ್ಮನೇಲೂ ಇದೆ!" ಎಂದರು. ಕೂಡಲೇ ನನ್ನ ಕಡೆ ನೋಡಿ ಕೆಮ್ಮಿ, ವ್ಯಾನ್ ಹತ್ತಿದರು. ಅವರು ಕೇಳುತ್ತಿದ್ದುದೂ ನಮ್ಮಂತೆಯೇ ಸಿನಿಮಾ ಹಾಡು ಎಂಬುದು ನನಗೆ ಅರ್ಥವಾಯಿತು, ವಿನಯದಿಂದ ಕೈಪಿಡಿಯನ್ನು ಇಸಿದುಕೊಂಡು ಕ್ಯಾರಿಯರಿಗೆ ಸಿಕ್ಕಿಸಿದೆ. ಮಧ್ಯಾಹ್ನದೊಳಗೆ ವೀಳ್ಯದ ತಟ್ಟೆಗಳು ಅದಲುಬದಲಾದವು.

ಮದುವೆಯಾದ ಮೇಲೆ ಅಕ್ಕ ಆ ಕ್ಯಾಸೆಟ್ಟನ್ನು ಪಿರಿಯಾಪಟ್ಟಣಕ್ಕೆ ಒಯ್ದಳು, ನನ್ನ ಕೈಗೆ ಮತ್ತೆ ಸಿಗಬಾರದೆಂದು. ಒಮ್ಮೆ ನಾನು ಹೋದಾಗ ಅವಳೇ ಅದನ್ನು ಮೆಲ್ಲನೆ ಹಾಕಿದಳು, ಈ ಬಾರಿ ಇನ್ನೊಂದು ಬದಿಯನ್ನು. ಅಲ್ಲಿ ತಬಲಾ ಇತ್ತು. ಸಾರಂಗಿ ಕುಣಿಯುತ್ತಿತ್ತು. ಪೇಪರ್ ಓದುತ್ತಿದ್ದ ಮೇಷ್ಟರು ತಲೆಯೆತ್ತಿ, "ಚೆನ್ನಾಗಿದೆಯಲ್ರೀ, ಅವತ್ತು ಇದನ್ನೇ ಹಾಕೋಕೆ ಏನಾಗಿತ್ತು?" ಎಂದರು.

ಊರಿಗೆ ಬಂದು ಕೈಪಿಡಿಯನ್ನು ತೆರೆದು ನೋಡಿದೆ. ಐದೂ ನಕ್ಷತ್ರ ಹಾಗೆಯೇ ಇದ್ದವು. ಕ್ಯಾಸೆಟ್ಟಿಗೆ ಇನ್ನೊಂದು ಬದಿಯಿದೆ ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.